ಕ್ಲಚ್ಚಿಲ್ಲದ ಗಾಡಿಗೆ ಈ ಮನೆಯಲ್ಲಿ ಜಾಗವಿಲ್ಲ

ಎರಡು ಸಾವಿರದ ಇಪ್ಪತ್ತೈದನೆಯ ಇಸವಿ, ಫೆಬ್ರುವರಿ ಎರಡನೆಯ ತಾರೀಖು, ಭಾನುವಾರ. ಅಲ್ಲಾಳಸಂದ್ರದ ತಮ್ಮ ಮನೆಯಲ್ಲಿ ಉಪ್ಪಿಟ್ಟಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಎದ್ದು ನಿಂತು, ಕನ್ನಡಕವನ್ನು ಮೂಗಿನ ಮೇಲೆ ಭದ್ರಪಡಿಸಿಕೊಂಡು ಪಂಚಪ್ಪನವರು ಘೋಷಿಸಿದರು:

"ಕ್ಲಚ್ ಇಲ್ಲದ ಗಾಡಿಗೆ ಈ ಮನಿಯೊಳಗ ಜಾಗ ಇಲ್ಲ. ನಾ ಇರೋತನಕ ಇಲ್ಲ. ಆಮ್ಯಾಲೂ ಇಲ್ಲ."

ಈ ಐತಿಹಾಸಿಕ ಘೋಷಣೆಯನ್ನು ಆಲಿಸಲು ಸಭೆಯಲ್ಲಿ ಇಬ್ಬರಿದ್ದರು. ಒಬ್ಬರು ಧರ್ಮಪತ್ನಿ ರತ್ನವ್ವ. ಇನ್ನೊಬ್ಬಳು ಸೊಸೆ ರಕ್ಷಾ, ಯಲಹಂಕದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಪಾಠ ಹೇಳುವವಳು. ಮಗ ಬಸವಕಿರಣ ಕಾರ್ಖಾನೆಯ ಪಾಳಿಗೆ ಹೋಗಿದ್ದ. ಅಪ್ಪನಿಗೂ ಹೆಂಡತಿಗೂ ಚರ್ಚೆ ನಡೆಯುವ ಲಕ್ಷಣ ಕಂಡ ದಿನಗಳಲ್ಲಿ ಆತನಿಗೆ ಹೇಗೋ ಭಾನುವಾರವೂ ಪಾಳಿ ಬೀಳುತ್ತಿತ್ತು.

ಪಂಚಪ್ಪನವರು ಗದಗ ಸೀಮೆಯವರು. ಸಾರಿಗೆ ಸಂಸ್ಥೆಯ ಚಾಲಕರ ತರಬೇತಿ ಶಾಲೆಯಲ್ಲಿ ಬೋಧಕರಾಗಿದ್ದು, 2011ರ ಅಕ್ಟೋಬರ್ 31ರ ಸೋಮವಾರ ನಿವೃತ್ತರಾದವರು. ಅವರ ಕೈಯಲ್ಲಿ ಕಲಿತವರು ಇಂದಿಗೂ ರಾಜ್ಯದ ಉದ್ದಗಲಕ್ಕೆ ಬಸ್ಸು ಓಡಿಸುತ್ತಿದ್ದಾರೆ. ಕೆಲಸವಿಲ್ಲದಾಗಲೂ ಎಡಗಾಲನ್ನು ಕ್ಲಚ್ಚಿನ ಮೇಲೆ ಇಟ್ಟುಕೊಂಡಿರುವ ಒಬ್ಬನೇ ಒಬ್ಬನನ್ನು ಅವರು ಪಾಸು ಮಾಡಿದವರಲ್ಲ. ಅವರ ಪ್ರಕಾರ ಮನುಷ್ಯಕುಲದಲ್ಲಿ ಎರಡೇ ವರ್ಗ: ಗೇರು ಹಾಕಬಲ್ಲವರು ಮತ್ತು ಪ್ರಯಾಣಿಕರು. ಆಟೋಮ್ಯಾಟಿಕ್ ಎಂಬ ಹೆಸರಿನಲ್ಲಿ ಪ್ರಯಾಣಿಕನೊಬ್ಬನನ್ನು ಎತ್ತಿ ಚಾಲಕನ ಸೀಟಿನಲ್ಲಿ ಕೂರಿಸುವುದು ಅವರ ದೃಷ್ಟಿಯಲ್ಲಿ ಅರಾಜಕತೆ.

ಇಷ್ಟೆಲ್ಲ ಆವೇಶಕ್ಕೆ ಕಾರಣ ಹಿಂದಿನ ದಿನದ ಅವಮಾನ. 1999ರ ಆಗಸ್ಟ್ 23ರಂದು ಕೊಂಡ ಅವರ ಬಿಳಿಯ ಕಾರು ಶನಿವಾರ ಸಂಜೆ ಹೆಬ್ಬಾಳದ ಫ್ಲೈಓವರಿನ ನೆತ್ತಿಯ ಮೇಲೆ ಕ್ಲಚ್ ಪ್ಲೇಟು ಸುಟ್ಟುಕೊಂಡು, ಹೊಗೆ ಬಿಟ್ಟು ನಿಂತುಬಿಟ್ಟಿತ್ತು. ಹಿಂದೆ ವಿಮಾನ ಹಿಡಿಯಬೇಕಾದವರ ಸಾಲು. ಅವರೆಲ್ಲ ಹಾರ್ನಿನ ಭಾಷೆಯಲ್ಲಿ ಆಡಿದ ಮಾತುಗಳನ್ನು ಪಂಚಪ್ಪನವರ ಹಿರಿಯರೂ ಕೇಳಿರಲಾರರು. ಆರ್.ಟಿ. ನಗರದಿಂದ ಟೋಯಿಂಗ್ ಗಾಡಿ ತಂದ ಮೆಕ್ಯಾನಿಕ್ ಖಾದರ್ ಬಾಷಾ ಬಾನೆಟ್ ಎತ್ತಿ, ಒಮ್ಮೆ ಮೂಸಿ, ಮೆಲ್ಲನೆ ಮುಚ್ಚಿದ.

"ಪ್ಲೇಟ್ ಹೋಗಿದೆ ಸಾರ್. ಹಾಕ್ಬೋದು. ಆದ್ರೆ ಈ ಗಾಡೀಲಿ ಅದೊಂದೇ ಹೋಗಿದ್ರೆ ಹಾಕ್ತಿದ್ದೆ."

ಹೊಸ ಕಾರು ಅನಿವಾರ್ಯವಾಯಿತು. ಭಾನುವಾರ ಬೆಳಗಿನ ಉಪ್ಪಿಟ್ಟಿನ ಜೊತೆಗೆ ರಕ್ಷಾ ಆ ಮಾತನ್ನೂ ಬಡಿಸಿದಳು.

"ಮಾವಾರ, ಹ್ಯಾಂಗೂ ಹೊಸಾದು ತಗೋಬೇಕಲ್ಲ. ಆಟೋಮ್ಯಾಟಿಕ್ ತಗೊಂಡ್ರ ಅತ್ತಿಯಾರೂ ಕಲೀತಾರ."

ಘೋಷಣೆ ಹೊರಟದ್ದು ಈ ಮಾತಿಗೆ.

"ಆತು, ಘೋಷಣಾ ಕೇಳಿದ್ವಿ. ಕುಂತು ಉಪ್ಪಿಟ್ಟು ತಿನ್ರಿ," ಎಂದರು ರತ್ನವ್ವ. "ಕ್ಲಚ್ ಇದ್ದ ಗಾಡಿ ನಿನ್ನಿ ಎಲ್ಲಿ ನಿಂತಿತ್ತು ಅನ್ನೋದು ಊರಿಗೆಲ್ಲ ಗೊತ್ತೈತಿ."

"ಅದು ಪ್ಲೇಟಿನ ದೋಷ. ಕ್ಲಚ್ಚಿನ ತತ್ತ್ವದ ದೋಷ ಅಲ್ಲ."

"ತತ್ತ್ವ ಸರಿ ಇದ್ರ ತತ್ತ್ವದ ಮ್ಯಾಲ ಕುಂತು ಮನಿಗೆ ಬರಬೇಕಿತ್ತು. ಟೋಯಿಂಗ್ ಗಾಡಿ ಯಾಕ ಕರಸಿದ್ರಿ?"

ರತ್ನವ್ವನಿಗೆ ಕಾರು ಕಲಿಯುವ ಆಸೆ ಇಂದು ನಿನ್ನೆಯದಲ್ಲ. 1988ರ ಜೂನ್ 12ರ ಭಾನುವಾರ ಹುಬ್ಬಳ್ಳಿಯ ಒಂದು ಬಯಲಿನಲ್ಲಿ, ಸ್ನೇಹಿತರೊಬ್ಬರ ಜೀಪಿನಲ್ಲಿ, ಪಂಚಪ್ಪನವರೇ ಆಕೆಗೆ ಮೊದಲ ಪಾಠ ಹೇಳಿದ್ದರು. ಆಕೆ ಕ್ಲಚ್ಚನ್ನು ಬಿಟ್ಟಾಗಲೆಲ್ಲ ಜೀಪು ಕಪ್ಪೆಯಂತೆ ನೆಗೆದು ನಿಂತಿತು. ಬಯಲಿನ ಆ ತುದಿಯಲ್ಲಿ ಕಲಿಯುವವನಿಗೂ ಕೇಳಿಸುವಂತೆ ರೂಢಿಸಿಕೊಂಡಿದ್ದ ಧ್ವನಿಯಲ್ಲಿ ಪಂಚಪ್ಪನವರು "ಕ್ಲಚ್, ಕ್ಲಚ್" ಎಂದು ಗರ್ಜಿಸಿದರು. ಕ್ರಿಕೆಟ್ ಆಡುತ್ತಿದ್ದ ಹುಡುಗರು ಆಟ ನಿಲ್ಲಿಸಿ ನೋಡಿದರು. ರತ್ನವ್ವ ಇಳಿದು, ಸೆರಗು ಸಿಕ್ಕಿಸಿಕೊಂಡು, ನಡೆದೇ ಮನೆಗೆ ಹೋದರು. ಅಂದಿನಿಂದ ಸ್ಟಿಯರಿಂಗ್ ಮುಟ್ಟಿರಲಿಲ್ಲ. ತಣಿಸಂದ್ರದಲ್ಲಿರುವ ತಂಗಿ ಕಲಾವತಿಯ ಮನೆಗೆ ಹೋಗಬೇಕೆಂದರೆ ಇವತ್ತಿಗೂ ಯಾರ ರಜೆಗೋ, ಯಾರ ಪುರುಸೊತ್ತಿಗೋ ಕಾಯಬೇಕಾಗಿತ್ತು.

ಇಂಥ ಸೂಕ್ಷ್ಮ ಗಳಿಗೆಯಲ್ಲಿ ಪಕ್ಕದ ಮನೆಯ ಅಶ್ವತ್ಥ್ ಒಳಗೆ ಬಂದ. ಆತ ಮುನಿಶಾಮಪ್ಪನವರ ಮಗ. ಮುನಿಶಾಮಪ್ಪನವರು ರಾಗಿ ಬೆಳೆದ ಹೊಲವನ್ನು ಬಡಾವಣೆ ಮಾಡಿ ನಿವೇಶನ ಬೆಳೆಯುತ್ತಿರುವವರು. ಮಗನಿಗೆ ಮಣ್ಣಿನ ಮೇಲೂ ಆಸೆಯಿಲ್ಲ, ನಿವೇಶನದ ಮೇಲೂ ಆಸೆಯಿಲ್ಲ. ಕೋಗಿಲು ಕ್ರಾಸಿನ ಬಳಿ ಗ್ಯಾರೇಜು ಇಟ್ಟುಕೊಂಡು, ಹಳೆಯ ಕಾರುಗಳ ಎಂಜಿನ್ನು ಬಿಚ್ಚಿ ಕಟ್ಟಿ, ಡ್ರ್ಯಾಗ್ ರೇಸಿಗೆ ಸಜ್ಜುಗೊಳಿಸುವುದೇ ಅವನ ಪರಮಧರ್ಮ.

"ಏನ್ ಸಮಾಚಾರ ಅಂಕಲ್, ಕಾಂಪೌಂಡ್ ಆಚೆಗೂ ಕೇಳಿಸ್ತಿದೆ," ಎಂದ.

ಪಂಚಪ್ಪನವರು ಮೊಕದ್ದಮೆಯನ್ನು ಸವಿವರವಾಗಿ ಮಂಡಿಸಿ ತೀರ್ಪು ಕೇಳಿದರು. ಎಂಜಿನ್ ಬಿಚ್ಚುವವನು ತಮ್ಮ ಪಕ್ಷವನ್ನೇ ವಹಿಸುತ್ತಾನೆಂಬುದರಲ್ಲಿ ಅವರಿಗೆ ಎಳ್ಳಷ್ಟೂ ಸಂದೇಹವಿರಲಿಲ್ಲ.

"ನಿಜ ಹೇಳ್ಲಾ ಅಂಕಲ್? ಡ್ರ್ಯಾಗ್‌ನಲ್ಲಿ ಈಗ ಆಟೋಮ್ಯಾಟಿಕ್‌ದೇ ಕಾಲ. ಬ್ರೇಕ್ ತುಳ್ಕೊಂಡೇ ಎಂಜಿನ್ ಏರಿಸ್ಕೊಂಡು ನಿಂತಿರ್ಬೋದು. ಹಸಿರು ಬಿತ್ತು, ಬ್ರೇಕ್ ಬಿಟ್ರಿ, ಬಾಣ. ನಿಮ್ಮ ಮ್ಯಾನ್ಯುಯಲ್‌ನಲ್ಲಿ ಕ್ಲಚ್ ಜಾಸ್ತಿ ಬಿಟ್ರೆ ಟೈರು ನಿಂತಲ್ಲೇ ತಿರುಗುತ್ತೆ, ಕಮ್ಮಿ ಬಿಟ್ರೆ ಗಾಡಿ ಕೆಮ್ಮುತ್ತೆ. ಕೈ ಪಳಗಿದ್ರೆ ಅದೂ ಓಡುತ್ತೆ, ಇಲ್ಲ ಅನ್ನಲ್ಲ. ಆದ್ರೆ ಒಂದು ಗೇರ್ ತಪ್ತು ಅಂದ್ರೆ ಕತೆ ಮುಗೀತು."

"ಗೇರ್ ತಪ್ಪೂದು ತಪ್ಪಾಗಿ ಕಲತವರಿಗೆ."

"ಡ್ರ್ಯಾಗ್ ರೇಸ್ ಅಂದ್ರೇನಪಾ?" ರತ್ನವ್ವ ನಡುವೆ ಕೇಳಿದರು.

"ನೇರ ರೋಡು ಆಂಟಿ. ಎರಡು ಗಾಡಿ ಅಕ್ಕಪಕ್ಕ. ಹಸಿರು ಲೈಟ್ ಬಿದ್ರೆ ಬಿಡೋದು, ಆ ತುದೀಗೆ ಯಾರು ಮೊದ್ಲು ಹೋಗ್ತಾರೋ ಅವ್ರು ಗೆದ್ರು. ತಿರುವಿಲ್ಲ, ಏನಿಲ್ಲ. ಒಂದು ಉಸಿರಲ್ಲಿ ಮುಗಿಯುತ್ತೆ."

"ಒಂದು ಉಸಿರಿನೊಳಗ ಇವರು ಕನ್ನಡಿ ಒರಸೂದೂ ಮುಗಿಯೂದಿಲ್ಲ."

ಈ ಮಾತು ಪಂಚಪ್ಪನವರ ಸ್ವಾಭಿಮಾನದ ಎಂಜಿನ್ನಿಗೆ ಕಿಡಿ ಹಾಕಿತು. ಅಶ್ವತ್ಥನ ಬಳಿ ಒಂದೇ ಮಾದರಿಯ ಎರಡು ಹಳೆಯ ಕಾರುಗಳಿದ್ದವು. ಒಂದೇ ಎಂಜಿನ್ನು, ಒಂದೇ ತೂಕ. ಒಂದರಲ್ಲಿ ಕ್ಲಚ್ಚು, ಒಂದರಲ್ಲಿ ಇಲ್ಲ. ರಾಜಾನುಕುಂಟೆಯ ಆಚೆ ಮುನಿಶಾಮಪ್ಪನವರ ಹೊಸ ಬಡಾವಣೆಯಲ್ಲಿ ಇನ್ನೂ ಯಾರೂ ಮನೆ ಕಟ್ಟಿರದ, ಗೇಟು ಹಾಕಿದ, ಉದ್ದನೆಯ ಖಾಸಗಿ ರಸ್ತೆಯಿತ್ತು. ಮಾರ್ಚ್ ಒಂಬತ್ತರ ಭಾನುವಾರ ಅಲ್ಲಿ ಗೆಳೆಯರ ರೇಸು.

"ನಾ ಓಡಸ್ತೇನಿ. ಕ್ಲಚ್ ಗಾಡಿ," ಎಂದರು ಪಂಚಪ್ಪನವರು.

"ಇನ್ನೊಂದು ನಾನು ಓಡಸ್ತೇನಿ ಮಾವಾರ," ಎಂದಳು ರಕ್ಷಾ, ತಟ್ಟೆ ಎತ್ತುತ್ತ, ಉಪ್ಪು ಕೇಳಿದಷ್ಟು ಸಹಜವಾಗಿ.

ರತ್ನವ್ವ ಸೌಟು ಕೆಳಗಿಟ್ಟರು. "ನೀವು ಸೋತ್ರ?"

"ಸೋಲೂದಿಲ್ಲ."

"ಸೋತ್ರ ಅಂತ ಕೇಳಿದೆ."

"ಸೋತ್ರ ನಿಮ್ಮ ಆಟೋಮ್ಯಾಟಿಕ್ ಬರಲಿ. ನೀನೂ ಕಲಿ."

"ನಾ ಕಲಿಯೂಮುಂದ ನೀವು ಬಾಜೂಕ ಕುಂದರಬಾರದು."

ಪಂಚಪ್ಪನವರು ಕನ್ನಡಕ ತೆಗೆದು ಒರೆಸಿದರು. ರೇಸು ಸೋಲುವುದು ಬೇರೆ. ತಮ್ಮ ಮನೆಯಲ್ಲಿ ಒಬ್ಬರು ತಮ್ಮ ಬೋಧನೆಯಿಲ್ಲದೆ ಚಾಲನೆ ಕಲಿಯುವುದು ಬೇರೆ. ಅರ್ಚಕನ ಮನೆಯಲ್ಲೇ ಹೊರಗಿನವರನ್ನು ಕರೆಸಿ ಪೂಜೆ ಮಾಡಿಸಿದಂತೆ.

"ಆತು," ಎಂದರು. "ಗೆದ್ರ?"

"ಗೆದ್ರ ಮತ್ತ ಕ್ಲಚ್ ಗಾಡಿನ ಬರಲಿ. ನಾ ಕಲಿಯೂ ಮಾತು ಇನ್ನೊಮ್ಮಿ ಎತ್ತೂದಿಲ್ಲ." ರತ್ನವ್ವ ಇದನ್ನು ಸಾಧಾರಣ ದನಿಯಲ್ಲೇ ಹೇಳಿದರು. ಆದರೂ ರಕ್ಷಾ ನಲ್ಲಿ ನಿಲ್ಲಿಸಿ ತಿರುಗಿ ನೋಡಿದಳು.

ಮರುದಿನದಿಂದಲೇ ಅಭ್ಯಾಸ ಆರಂಭವಾಯಿತು. ಮನೆಯಲ್ಲಿ ಕಾರಿರಲಿಲ್ಲವಾದ್ದರಿಂದ ಪಂಚಪ್ಪನವರು ಅಡುಗೆಮನೆಯಲ್ಲಿ ಕಾರು ನಿರ್ಮಿಸಿದರು. ಆಸನಕ್ಕೆ ಊಟದ ಮೇಜಿನ ಕುರ್ಚಿ. ಕ್ಲಚ್ಚು, ಬ್ರೇಕು, ಆಕ್ಸಿಲರೇಟರುಗಳಿಗೆ ಮೂರು ಡಬ್ಬಿಗಳ ಮುಚ್ಚಳ. ಸ್ಟಿಯರಿಂಗಿಗೆ ರೊಟ್ಟಿಯ ಹಂಚು. ಎಡಗೈ ಪಕ್ಕದ ಅಕ್ಕಿ ಡಬ್ಬಿಯಲ್ಲಿ ಆಳವಾಗಿ ನೆಟ್ಟ ಕಡಗೋಲೇ ಗೇರು. ಬಾಯಲ್ಲಿ ಎಂಜಿನ್ನಿನ ಸದ್ದು ಮಾಡುತ್ತ, ಅವರು ತಮ್ಮ ವೃತ್ತಿಜೀವನದ ಹೆಮ್ಮೆಯಾದ ಡಬಲ್ ಕ್ಲಚ್ ಪದ್ಧತಿಯನ್ನು ಒರೆಗೆ ಹಚ್ಚಿದರು. ಹಿಂದಿನ ಕಾಲದ ಬಸ್ಸುಗಳಲ್ಲಿ ಗೇರು ಒಮ್ಮೆಗೇ ಬೀಳುತ್ತಿರಲಿಲ್ಲ. ಕ್ಲಚ್ ತುಳಿದು ನ್ಯೂಟ್ರಲ್ಲಿಗೆ ತಂದು, ಬಿಟ್ಟು, ಮತ್ತೆ ತುಳಿದು ಮುಂದಿನ ಗೇರು ಹಾಕಬೇಕಾಗಿತ್ತು. ಇಂದಿನ ಕಾರುಗಳಿಗೆ ಅದರ ಅಗತ್ಯವಿಲ್ಲ. ಆದರೆ ಅಗತ್ಯವಿಲ್ಲವೆಂದು ನಮಸ್ಕಾರ ಮಾಡುವುದನ್ನು ಬಿಡುತ್ತೇವೆಯೇ?

ಮೊದಲನೆಯ ಗೇರು ಸುಸೂತ್ರ. ಎರಡನೆಯದೂ ಸುಸೂತ್ರ. ಮೂರನೆಯದಕ್ಕೆ ರಭಸದಿಂದ ತಳ್ಳಿದಾಗ ಡಬ್ಬಿ ಮಗುಚಿ ಅಕ್ಕಿ ಅಡುಗೆಮನೆಯ ನಾಲ್ಕೂ ದಿಕ್ಕಿಗೆ ಓಡಿತು.

ಸದ್ದು ಕೇಳಿ ಬಂದ ರತ್ನವ್ವ ಬಾಗಿಲಲ್ಲೇ ನಿಂತರು. "ಮೂರನೇ ಗೇರಿಗೆ ಮೂರು ಸೇರು ಅಕ್ಕಿ. ನಾಕನೇದಕ್ಕ ಹೋಗಬ್ಯಾಡ್ರಿ, ಆ ಕಡೆ ಜ್ವಾಳದ ಹಿಟ್ಟೈತಿ."

"ರಸ್ತೆಯ ಮ್ಯಾಲ ಅಕ್ಕಿ ಡಬ್ಬಿ ಇರೂದಿಲ್ಲ," ಎಂದು ಪಂಚಪ್ಪನವರು ಗಂಭೀರವಾಗಿ ಹೇಳಿ, ಕುರ್ಚಿಯಿಂದ ಇಳಿಯುವ ಮುನ್ನ ಹಿಂದೆ ಯಾವ ವಾಹನವೂ ಬರುತ್ತಿಲ್ಲವೆಂದು ಖಚಿತಪಡಿಸಿಕೊಂಡರು.

ಮಾರ್ಚ್ ಒಂಬತ್ತರ ಬೆಳಿಗ್ಗೆ ರಾಜಾನುಕುಂಟೆಯ ಬಡಾವಣೆಯಲ್ಲಿ ಹಬ್ಬದ ಕಳೆ. ಅಶ್ವತ್ಥನ ಗೆಳೆಯರು, ಅವರ ಗದ್ದಲದ ಕಾರುಗಳು, ಸುಟ್ಟ ರಬ್ಬರಿನ ವಾಸನೆ. ಕಂಬವೊಂದಕ್ಕೆ ಕೆಂಪು, ಹಳದಿ, ಹಸಿರು ದೀಪ ಕಟ್ಟಿದ್ದರು. ಮುನಿಶಾಮಪ್ಪನವರು ಬಿಳಿ ಪಂಚೆಯಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದರು. ಅದೇ ದಿನ ಅವರು ನಿವೇಶನ ಕೊಳ್ಳುವವರನ್ನೂ ಕರೆಸಿಕೊಂಡಿದ್ದರು.

"ಲೇ ಅಶ್ವತ್ಥ, ಟಾರ್ ಮ್ಯಾಲೆ ಇಂಗೆ ಕರಿ ಗೀಟು ಎಳೆದ್ರೆ ನೋಡಕ್ ಬಂದೋರು ಏನಂದ್ಕತಾರೋ?" ಎಂದು ಗೋಳಾಡಿ, ಪಂಚಪ್ಪನವರ ಕಡೆ ತಿರುಗಿದರು. "ಮೇಷ್ಟ್ರೇ, ನೀವಾದ್ರೂ ವಸಿ ಮೆಲ್ಲಗ್ ಓಗಿ. ನೀವು ದೊಡ್ಡೋರು."

"ಮೆಲ್ಲಗ ಹೋಗೂದಿಲ್ಲ. ಶಿಸ್ತಿನಿಂದ ಹೋಗ್ತೇನಿ," ಎಂದರು ಪಂಚಪ್ಪನವರು.

ರೇಸಿಗೆ ಮುಂಚೆ ಎಲ್ಲರೂ ಟೈರನ್ನು ನಿಂತಲ್ಲೇ ಗಿರಗಿರ ತಿರುಗಿಸಿ, ಹೊಗೆ ಎಬ್ಬಿಸಿ ಬಿಸಿ ಮಾಡಿಕೊಳ್ಳುವುದು ಪದ್ಧತಿ. ಪಂಚಪ್ಪನವರು ನಿರಾಕರಿಸಿದರು. ಟೈರು ಸವೆಸಿದ ಚಾಲಕನಿಗೆ ಮೆಮೋ ಕೊಡುತ್ತಿದ್ದ ಕೈ ಅದು. ಹೆಲ್ಮೆಟ್ಟಿನ ಒಳಗೆ ಕನ್ನಡಕ ಸೇರಿಸಲು ಸಾಕಷ್ಟು ಹೊತ್ತು ಹಿಡಿಯಿತು. ಕೊನೆಗೆ ಅಶ್ವತ್ಥ್ ಕಿಟಕಿಗೆ ಬಗ್ಗಿ ಹೇಳಿದ:

"ಕೇಳಿ ಅಂಕಲ್, ತುಂಬ ಸಿಂಪಲ್. ಆ ಕಡೆ ಸುಣ್ಣದಲ್ಲಿ ಗೆರೆ ಹಾಕಿದೀವಿ. ಹಸಿರು ಬಿದ್ರೆ ಗೆರೆವರೆಗೂ ಹೊಡೀರಿ. ಅಷ್ಟೇ."

"ಗೆರೆವರೆಗೆ," ಎಂದು ಪಂಚಪ್ಪನವರು ಪುನರುಚ್ಚರಿಸಿದರು. ಸೂಚನೆಯನ್ನು ಪುನರುಚ್ಚರಿಸಬೇಕೆಂಬುದು ತರಬೇತಿ ಶಾಲೆಯ ನಿಯಮ.

ಪಕ್ಕದ ಕಾರಿನಲ್ಲಿ ರಕ್ಷಾ. ಹೊರಗೆ ತಂತಿಬೇಲಿಯ ಹತ್ತಿರ ರತ್ನವ್ವ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ. ಆಕೆ ನೋಡುತ್ತಿದ್ದುದು ಗಂಡನನ್ನಲ್ಲ, ಸೊಸೆಯ ಕಾರನ್ನು.

ಕೆಂಪು. ಹಳದಿ. ಹಸಿರು.

ಬೇರೆಯವರಾಗಿದ್ದರೆ ಆ ಕ್ಷಣಕ್ಕೇ ಚಿಮ್ಮುತ್ತಿದ್ದರು. ಪಂಚಪ್ಪನವರು ಮೊದಲು ಒಳಗಿನ ಕನ್ನಡಿ ನೋಡಿದರು. ಅನಂತರ ಹೊರಗಿನ ಕನ್ನಡಿ. ಬಲಗೈಯನ್ನು ಕಿಟಕಿಯಿಂದ ಹೊರಚಾಚಿ, ತಾವು ಹೊರಡುತ್ತಿರುವುದಾಗಿ ಹಿಂದಿನ ಖಾಲಿ ಹೊಲಕ್ಕೆ ಸೂಚಿಸಿದರು. ಎರಡು ಬಾರಿ ಹಾರ್ನ್ ಮಾಡಿದರು. ಹ್ಯಾಂಡ್ ಬ್ರೇಕ್ ಇಳಿಸಿದರು. ಕ್ಲಚ್ಚನ್ನು ಬೆಣ್ಣೆಯಿಂದ ಕೂದಲು ತೆಗೆದಂತೆ ಬಿಟ್ಟರು. ಕಾರು ಹೊರಟಿತು.

ಇಷ್ಟರಲ್ಲಿ ಸೊಸೆ ಬಡಾವಣೆ ದಾಟಿ ದೊಡ್ಡಬಳ್ಳಾಪುರ ತಲುಪಿರಬೇಕು ಎಂದು ಪಕ್ಕಕ್ಕೆ ನೋಡಿದರೆ, ಏನು ಆಶ್ಚರ್ಯ! ಆಕೆಯ ಕಾರು ಇದ್ದಲ್ಲೇ ಇತ್ತು. ಎಂಜಿನ್ನು ಮಾತ್ರ ಸಿಂಹದಂತೆ ಗರ್ಜಿಸುತ್ತಿತ್ತು. ಕಾಯುವಾಗ ನ್ಯೂಟ್ರಲ್ಲಿನಲ್ಲಿ ಇಟ್ಟುಕೊಂಡಿದ್ದ ರಕ್ಷಾ ಗಾಬರಿಯಲ್ಲಿ ಲಿವರನ್ನು ಮುಂದೆ ಓಡುವ ಗೇರಿಗೆ ತರುವುದನ್ನೇ ಮರೆತು ಆಕ್ಸಿಲರೇಟರ್ ತುಳಿಯುತ್ತಿದ್ದಳು. ಭೌತಶಾಸ್ತ್ರದ ಎಲ್ಲ ನಿಯಮಗಳೂ ಆಕೆಯ ವಿರುದ್ಧ ಏಕಮತದಿಂದ ನಿಂತಿದ್ದವು.

ಪಂಚಪ್ಪನವರ ಎದೆ ಅರಳಿತು. ಒಂದರಿಂದ ಎರಡಕ್ಕೆ ಡಬಲ್ ಕ್ಲಚ್. ಎರಡರಿಂದ ಮೂರಕ್ಕೆ, ಮೂರರಿಂದ ನಾಲ್ಕಕ್ಕೆ ಡಬಲ್ ಕ್ಲಚ್. ಪ್ರತಿ ಗೇರಿನ ನಡುವೆ ಕಾರು ಒಂದು ಗಳಿಗೆ ಧ್ಯಾನಮಗ್ನವಾಗುತ್ತಿತ್ತು. ಬೇಲಿಯಾಚೆಯ ಹುಡುಗರು ತಲೆ ಹಿಡಿದುಕೊಂಡು "ಹೊಡೀರಿ ಅಂಕಲ್, ಹೊಡೀರಿ" ಎನ್ನುತ್ತಿದ್ದರು. ಆದರೂ ಮುಂದೆ ಇದ್ದವರು ಅವರೇ. ಕನ್ನಡಿಯಲ್ಲಿ ಸೊಸೆಯ ಕಾರು ಕೊನೆಗೂ ಕದಲಿ, ಚಿಕ್ಕ ಚುಕ್ಕೆಯಿಂದ ದೊಡ್ಡ ಚುಕ್ಕೆಯಾಗುತ್ತಿತ್ತು. ಆದರೆ ದೂರವಿತ್ತು. ಬಹಳ ದೂರವಿತ್ತು. ಗೆಲುವು ಎದುರಿಗೇ ಕಾಣುತ್ತಿತ್ತು, ಸುಣ್ಣದ ಗೆರೆಯ ರೂಪದಲ್ಲಿ: ಅಗಲವಾಗಿ, ಅಚ್ಚ ಬೆಳ್ಳಗೆ, ರಸ್ತೆಯ ಈ ಅಂಚಿನಿಂದ ಆ ಅಂಚಿಗೆ ಅಳೆದು ಎಳೆದಂತೆ. ಯಲಹಂಕದ ಯಾವ ಸಿಗ್ನಲ್ಲಿನಲ್ಲೂ ಅವರು ಇಷ್ಟು ಶಿಸ್ತಾದ ಬಿಳಿಗೆರೆಯನ್ನು ಕಂಡಿರಲಿಲ್ಲ.

ಬಿಳಿಗೆರೆ ಕಂಡ ತಕ್ಷಣ ಅವರ ಬಲಗಾಲು ಯಾರನ್ನೂ ಕೇಳದೆ ಬ್ರೇಕಿಗೆ ಹೋಯಿತು. ಬಲಗೈ ತಾನಾಗಿ ಹೊರಗೆ ಚಾಚಿ, ನಿಧಾನಿಸುತ್ತಿರುವುದಾಗಿ ಮೇಲೆ ಕೆಳಗೆ ಆಡಿತು. ನಾಲ್ಕರಿಂದ ಮೂರು, ಮೂರರಿಂದ ಎರಡು, ಡಬಲ್ ಕ್ಲಚ್ ಸಮೇತ. ಕಾರು ಒಂದಿಷ್ಟೂ ಕುಲುಕದೆ, ಗೆರೆಗೆ ಒಂದು ಗೇಣು ಹಿಂದೆ ನಿಂತಿತು. ಹ್ಯಾಂಡ್ ಬ್ರೇಕ್. ನ್ಯೂಟ್ರಲ್. ಮಡಿಲಲ್ಲಿ ಕೈ.

ಭರ್ರೆಂದು ಗಾಳಿ ಬೀಸಿತು. ಆಟೋಮ್ಯಾಟಿಕ್ ಪಕ್ಕದಲ್ಲೇ ಹಾದು, ಗೆರೆಯ ಸುಣ್ಣವನ್ನು ಆಕಾಶಕ್ಕೆ ಎಬ್ಬಿಸಿ ಮುಂದೆ ಹೋಯಿತು. ಪಂಚಪ್ಪನವರ ಗಾಜಿನ ಮೇಲೆ ಬಿಳಿಯ ಪುಡಿ ಮೆಲ್ಲನೆ ಇಳಿಯಿತು.

ಅಶ್ವತ್ಥ್ ಬೈಕಿನಲ್ಲಿ ಧಾವಿಸಿ ಬಂದ. "ಅಂಕಲ್, ಗಾಡಿ ಕೆಡ್ತಾ? ಯಾಕ್ ನಿಂತ್ರಿ?"

"ಗೆರಿ," ಎಂದರು ಪಂಚಪ್ಪನವರು, ಬೆರಳು ತೋರಿಸಿ.

"ಅದು ಫಿನಿಶ್ ಲೈನ್ ಅಂಕಲ್. ದಾಟ್ಬೇಕು."

"ನೀ ಏನ್ ಹೇಳಿದಿ? ಗೆರೆವರೆಗೂ ಹೊಡೀರಿ ಅಂದಿ."

"ಹೂಂ, ಅಂದೆ."

"ವರೆಗೆ ಅಂದ್ರ ಎಲ್ಲೆ. 'ಅವನು ಮನೆಯವರೆಗೆ ಬಂದನು' ಅಂದ್ರ ಮನಿ ಹೊಕ್ಕು ಊಟಾ ಮಾಡಿದನು ಅಂತ ಅರ್ಥ ಅಲ್ಲ. ಬಾಗಿಲಿಗೆ ಬಂದು ನಿಂತನು ಅಂತ. ದಾಟಿ ಅಂದಿದ್ರ ದಾಟತಿದ್ದೆ. ವ್ಯಾಕರಣ ಬರದವರು ರೇಸ್ ಯಾಕ ನಡಸ್ತೀರಿ?"

ಅಶ್ವತ್ಥ್ ಬೈಕಿನಿಂದ ಇಳಿದು ಕೈಕಟ್ಟಿ ನಿಂತ. ಶಾಲೆಯಲ್ಲಿ ಕನ್ನಡ ಮೇಷ್ಟರ ಮುಂದೆಯೂ ಅವನು ಹೀಗೆಯೇ ನಿಂತಿದ್ದಿರಬೇಕು.

ಅಷ್ಟರಲ್ಲಿ ಮುನಿಶಾಮಪ್ಪನವರು ಏದುಸಿರು ಬಿಡುತ್ತ ಬಂದರು. "ಮೇಷ್ಟ್ರೇ, ನೀವು ಇಂಗ್ ಬಂದ್ ನಿಂತಿದ್ ನೋಡಿ ಸೈಟ್ ಕೇಳಕ್ ಬಂದೋರು, ಏನ್ ಗೌಡ್ರೇ, ಇಲ್ಲಿಗೂ ಸಿಗ್ನಲ್ ಬಂದೈತಾ ಅಂತವ್ರೆ. ರೇಟ್ ಏರಿಸ್ಬೋದು ಅಂತ ಕಾಣುತ್ತೆ."

ರಕ್ಷಾ ಕಾರು ತಿರುಗಿಸಿಕೊಂಡು ಬಂದು ಇಳಿದಳು. ಮುಖದಲ್ಲಿ ಗೆದ್ದ ಕಳೆಯೇನೂ ಇರಲಿಲ್ಲ. "ಮಾವಾರ, ಖರೇ ಹೇಳಬೇಕಂದ್ರ ನಾನ ಸೋತಿದ್ದೆ. ಗೇರಿಗೆ ಹಾಕೂದ ಮರತಿದ್ದೆ. ಇನ್ನೊಮ್ಮ ಓಡಸೂಣು ಬೇಕಾರ."

ಈ ಔದಾರ್ಯವೇ ಪಂಚಪ್ಪನವರನ್ನು ಕೆರಳಿಸಿತು. "ಇನ್ನೊಮ್ಮಿ ಯಾಕ? ನಾ ಗೆದ್ದೇನಿ. ಗೆರಿಗೆ ಮೊದಲು ಬಂದವ ನಾನು. ಅಗ್ದಿ ಸರಿಯಾದ ಜಾಗಾದಾಗ ನಿಂತವನೂ ನಾನು. ಬಿಳಿಗೆರಿ ಉಲ್ಲಂಘನೆ ಮಾಡಿದಾಕಿ ನೀನು. ರಸ್ತೆಯ ಮ್ಯಾಲ ಆಗಿದ್ರ ನಿನಗ ದಂಡ ಬೀಳತಿತ್ತು."

ಹುಡುಗರ ಗುಂಪಿನಲ್ಲಿ ಯಾರೋ "ಗುರು, ಪಾಯಿಂಟ್ ಇದೆ ಕಣೋ" ಎಂದ. ಇನ್ನೊಬ್ಬ, "ಮಚ್ಚಾ, ಅಂಕಲ್ ನಿಲ್ಸಿದ್ದು ನೋಡ್ದಾ? ಒಂದು ಚೂರು ಅಲ್ಲಾಡ್ಲಿಲ್ಲ ಗಾಡಿ," ಎಂದ. ಪಂಚಪ್ಪನವರಿಗೆ ಮೊದಲ ಬಾರಿಗೆ ಈ ಪೀಳಿಗೆಯ ಮೇಲೆ ಭರವಸೆ ಮೂಡಿತು.

ಎಲ್ಲರ ಕಣ್ಣು ಬೇಲಿಯ ಕಡೆಯಿಂದ ನಡೆದು ಬರುತ್ತಿದ್ದ ರತ್ನವ್ವನ ಮೇಲೆ ಹೋಯಿತು. ಪಂದ್ಯ ಯಾರ ನಡುವೆಯೋ ನಡೆದಿದ್ದರೂ ಪಣ ಆಕೆಯದು. ರತ್ನವ್ವ ಬಂದು ಗೆರೆಯ ಮುಂದೆ ನಿಂತು, ಕಾರಿನ ಮುಂದಿನ ಚಕ್ರವನ್ನೂ ಸುಣ್ಣವನ್ನೂ ನೋಡಿದರು. ನಡುವೆ ಒಂದು ಗೇಣು ಜಾಗ.

"ಆತು," ಎಂದರು. "ಗೆರಿತನಕ ನೀವು ಗೆದ್ರಿ. ಗೆರಿ ದಾಟಿ ಅಕಿ ಗೆದ್ಲು. ನಿಮಗ ವ್ಯಾಕರಣ, ನಮಗ ಗಾಡಿ."

ಇಂಥ ತೀರ್ಪಿಗೆ ಮೇಲ್ಮನವಿ ಸಲ್ಲಿಸುವ ನ್ಯಾಯಾಲಯ ಭೂಮಿಯ ಮೇಲಿಲ್ಲ. ಪಂಚಪ್ಪನವರು ಆ ದಿನವಿಡೀ, ಆ ವಾರವಿಡೀ, ಕೇಳಿದವರಿಗೂ ಕೇಳದವರಿಗೂ ಅನ್ಯಾಯವನ್ನು ವಿವರಿಸಿದರು. ಅಲ್ಲಾಳಸಂದ್ರ ಕೆರೆಯ ಸುತ್ತ ಬೆಳಗಿನ ನಡಿಗೆಗೆ ಬರುವವರು ಅವರನ್ನು ಕಂಡರೆ ನಡಿಗೆಯನ್ನು ಓಟಕ್ಕೆ ಏರಿಸಿಕೊಳ್ಳತೊಡಗಿದರು. ಏನಾದರೇನು? ಮಾರ್ಚ್ 30ರ ಭಾನುವಾರ, ಯುಗಾದಿಯಂದು, ಬೇವುಬೆಲ್ಲದ ಜೊತೆಗೆ ಮನೆಗೆ ಆಟೋಮ್ಯಾಟಿಕ್ ಬಂತು. ಬೆಲ್ಲವೆಲ್ಲ ಉಳಿದವರ ಪಾಲು.

ರತ್ನವ್ವ ಸೊಸೆಯಿಂದ ಕಲಿತರು. ಪಕ್ಕದಲ್ಲಿ ಪಂಚಪ್ಪನವರು ಕೂರಲಿಲ್ಲ. ಕರಾರಿಗೆ ಬದ್ಧರಾಗಿ ಗೇಟಿನ ಬಳಿ ನಿಂತು, ಹೋಗುವಾಗ ಒಮ್ಮೆ ಬರುವಾಗ ಒಮ್ಮೆ ನಿಟ್ಟುಸಿರು ಬಿಟ್ಟರು. ಗಾಡಿ ಕಪ್ಪೆಯಂತೆ ನೆಗೆಯಲಿಲ್ಲ. ಯಾರೂ ಗರ್ಜಿಸಲಿಲ್ಲ. ಮೇ ತಿಂಗಳ ಕೊನೆಗೆ ಲೈಸೆನ್ಸು ಬಂದ ಮರುದಿನವೇ ರತ್ನವ್ವ ಒಬ್ಬರೇ ತಣಿಸಂದ್ರಕ್ಕೆ ಹೋಗಿ, ಕಲಾವತಿಯ ಮನೆಯಲ್ಲಿ ಚಹಾ ಕುಡಿದು, ದೀಪ ಹಚ್ಚುವ ಹೊತ್ತಿಗೆ ಮರಳಿದರು. ಒಳಗೆ ಬಂದವರು ಕಾರಿನ ಕೀಲಿಯನ್ನು ಮೊಳೆಗೆ ತೂಗುಹಾಕಲಿಲ್ಲ. ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದುಕೊಂಡು ಕುಳಿತಿದ್ದರು.

ಮನೆಯಲ್ಲಿ ಬೇರೆ ಗಾಡಿಯಿರಲಿಲ್ಲ. ಪಂಚಪ್ಪನವರು ಫೆಬ್ರುವರಿಯಿಂದ, ಆ ಒಂದು ಅನ್ಯಾಯದ ಓಟದ ಹೊರತು, ಸ್ಟಿಯರಿಂಗ್ ಹಿಡಿದಿರಲಿಲ್ಲ. ನಿದ್ದೆಯಲ್ಲಿ ಎಡಗಾಲು ಆಡುತ್ತಿದೆಯೆಂದು ರತ್ನವ್ವ ದೂರಿದರು. ಕೊನೆಗೆ ಜೂನ್ 15ರ ಭಾನುವಾರ ಅವರು ಗಂಟಲು ಸರಿಪಡಿಸಿಕೊಂಡರು.

"ಆ ಗಾಡಿಯ ದೋಷಗಳನ್ನ ಸ್ವತಃ ಪರೀಕ್ಷೆ ಮಾಡಬೇಕು ಅಂತ ಮಾಡೇನಿ. ಖಂಡಿಸಬೇಕಾದ್ರೂ ತಿಳದು ಖಂಡಿಸಬೇಕು."

"ಓಡಿಸಬೇಕು ಅನಸೇತಿ ಅಂತ ಹೇಳ್ರಿ," ಎಂದರು ರತ್ನವ್ವ. "ಬರ್ರಿ. ಬಾಜೂಕ ನಾ ಕುಂದರ್ತೇನಿ."

ಮುನಿಶಾಮಪ್ಪನವರ ಬಡಾವಣೆಯ ಅದೇ ಖಾಲಿ ರಸ್ತೆ. ಮಳೆ ಸುಣ್ಣವನ್ನು ತೊಳೆದುಬಿಟ್ಟಿತ್ತು. ಇನ್ನು ಯಾರೂ ರೇಸು ಮಾಡದಿರಲೆಂದು ಮುನಿಶಾಮಪ್ಪನವರು ಆ ತುದಿಗೆ ಹಂಪು ಹಾಕಿಸಿದ್ದರು. ಪಂಚಪ್ಪನವರು ಚಾಲಕನ ಸೀಟಿನಲ್ಲಿ ಕುಳಿತು, ಲಿವರನ್ನು ಅಸಹ್ಯದಿಂದ ಎರಡು ಬೆರಳಲ್ಲಿ ಹಿಡಿದು ಡಿ ಅಕ್ಷರಕ್ಕೆ ತಂದರು. ಗಾಡಿ ಹೊರಟಿತು. ವೇಗ ಏರಿತು. ಎರಡನೆಯ ಗೇರಿನ ಹೊತ್ತಾಯಿತೆಂದು ಅವರ ಎಡಗಾಲಿಗೆ ಅನ್ನಿಸಿತು. ಸಾವಿರಾರು ಚಾಲಕರನ್ನು ತಿದ್ದಿದ ಆ ಕಾಲು ಕ್ಲಚ್ಚಿರಬೇಕಾದ ಕಡೆ ಬಲವಾಗಿ ಬಡಿಯಿತು. ಅಲ್ಲಿದ್ದುದು ಅಗಲವಾದ ಬ್ರೇಕು.

ಗಾಡಿ ಗೋಡೆಗೆ ಹೊಡೆದಂತೆ ನಿಂತಿತು. ರತ್ನವ್ವನ ಬೆಲ್ಟು ಬಿಗಿಯಿತು. ಪಂಚಪ್ಪನವರ ಕನ್ನಡಕ ಮುಂದಿನ ಗಾಜಿಗೆ ಹೋಗಿ ಬಿತ್ತು.

"ಎಡಗಾಲು ತಗೀರಿ."

"ತಗದೇನಿ."

ಮತ್ತೆ ಹೊರಟರು. ಮತ್ತೆ ಬಡಿಯಿತು. ಮತ್ತೆ ಕನ್ನಡಕ ಹೋಯಿತು.

"ನಾ ಮಾಡವಲ್ಲೆ. ಅದು ತಾನ ಹೋಗತೈತಿ," ಎಂದರು ಪಂಚಪ್ಪನವರು. "ಕ್ಲಚ್ ಇಡಬೇಕಾದ ಜಾಗದ ಹತ್ರ ಬ್ರೇಕ್ ಯಾಕ ಇಟ್ಟಾರ? ಇದು ಮೋಸ ಅಲ್ಲೇನು?"

ರತ್ನವ್ವ ಕೂಗಲಿಲ್ಲ. ಕನ್ನಡಕವನ್ನು ಎತ್ತಿ, ಸೆರಗಿನಲ್ಲಿ ಒರೆಸಿ ಕೊಟ್ಟರು. ಯೋಚಿಸಿದರು.

"ಎಡಗಾಲು ಮಡಚಿ ಸೀಟಿನ ಮ್ಯಾಲ ಇಟಗೊಳ್ರಿ. ಪಂಕ್ತಿಗೆ ಊಟಕ್ಕ ಕುಂತಂಗ."

"ಏನು?"

"ಮಡಚ್ರಿ ಅಂದೆ. ಕುಂತಲ್ಲೆ ಕುಂತಿರಲಿ ಅದು."

ಚಾಲಕರ ತರಬೇತಿ ಶಾಲೆಯ ನಿವೃತ್ತ ಬೋಧಕರು ಸುತ್ತ ಯಾರಾದರೂ ನೋಡುತ್ತಿದ್ದಾರೆಯೇ ಎಂದು ಮೂರೂ ಕನ್ನಡಿಗಳಲ್ಲಿ ಪರಿಶೀಲಿಸಿದರು. ಚಪ್ಪಲಿ ಕಳಚಿ, ಪಂಚೆ ಸರಿಪಡಿಸಿಕೊಂಡು, ಎಡಗಾಲನ್ನು ಮಡಚಿ ಬಲತೊಡೆಯ ಬದಿಗೆ ಸೇರಿಸಿ, ಮದುವೆಮನೆಯ ಎಲೆಯ ಮುಂದೆ ಕುಳಿತಂತೆ ಕುಳಿತರು. ಬಲಗಾಲನ್ನು ಮೆಲ್ಲನೆ ಒತ್ತಿದರು. ಗಾಡಿ ಹೊರಟಿತು. ಕುಲುಕಲಿಲ್ಲ, ಕೆಮ್ಮಲಿಲ್ಲ. ಗೇರುಗಳು ಎಲ್ಲಿ ಬದಲಾದವೋ ತಿಳಿಯಲಿಲ್ಲ. ಬೇಲಿ, ಕಂಬ, ನಿವೇಶನದ ಕಲ್ಲುಗಳು ಒಂದೊಂದಾಗಿ ಹಿಂದಕ್ಕೆ ಸರಿದವು. ಕಿಟಕಿಯಿಂದ ಮಳೆ ಬಿದ್ದ ಮಣ್ಣಿನ ತಂಗಾಳಿ ಬಂತು. ಪಂಚಪ್ಪನವರ ಹುಬ್ಬಿನ ಗಂಟು ತಾನಾಗಿ ಸಡಿಲಿತು. ಅದನ್ನು ಗಮನಿಸಿ ಅವರು ಕೂಡಲೇ ಮತ್ತೆ ಗಂಟಿಕ್ಕಿಕೊಂಡರು.

"ಇದು ಗಾಡಿ ಅಲ್ಲ," ಎಂದರು ಕಟುವಾಗಿ. "ತೊಟ್ಟಿಲು."

"ತೊಟ್ಟಿಲಾರ ಆಗಲಿ, ಮಲಕೋಬ್ಯಾಡ್ರಿ," ಎಂದರು ರತ್ನವ್ವ. "ಮುಂದ ಹಂಪು ಬಂತು."